ಪದಚರ್ಚೆ: ಮಳೆಯ ‘ಸೆಂಟ್’ ಎಂದರೆ ಎಷ್ಟು? ಅದು ಸೆಂ.ಮೀ. ಅಲ್ಲವೇ?

ಪ್ರಶ್ನೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ಬೆಳೆಗಾರರು ‘ನಿನ್ನೆ ನಲವತ್ತು ಸೆಂಟ್ ಬಿತ್ತು’, ‘ಒಂದಿಂಚು ಇಪ್ಪತ್ತು ಸೆಂಟ್ ಆಯ್ತು’ ಎಂದು ಮಳೆ ಲೆಕ್ಕ ಹೇಳುತ್ತಾರೆ. ಮಳೆಮಾಪಕ ಬಳಸುವ ಕೈಪಿಡಿಯೊಂದರ ಕರಡಿನಲ್ಲಿ ಈ ‘40 ಸೆಂಟ್’ ಅನ್ನು ‘40 ಸೆಂ.ಮೀ.’ ಎಂದು ತಿದ್ದಿದ್ದಾರೆ. ಸೆಂಟ್ ಎಂಬುದು ಸೆಂಟಿಮೀಟರಿನ ಮೊಟಕು ರೂಪವೇ? ಜಾಗ ಅಳೆಯುವ ಸೆಂಟಿಗೂ ಇದಕ್ಕೂ ನಂಟುಂಟೇ? ಅದೇ ಕರಡಿನಲ್ಲಿ ಟಿಪ್ಪಿಂಗ್ ಬಕೆಟ್ ಮಳೆಮಾಪಕವನ್ನು ‘ಉರುಳು ಬಕೆಟ್’ ಎಂದಿದ್ದಾರೆ. ಒಪ್ಪುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ 1

ಆ ತಿದ್ದುಪಡಿಯನ್ನು ಮೊದಲು ತೆಗೆಸಿ. ಮಳೆಯ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಪಾಲು, 0.254 ಮಿ.ಮೀ. ನಲವತ್ತು ಸೆಂಟ್ ಎಂದರೆ ಹತ್ತು ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು, 10.16. ನಲವತ್ತು ಸೆಂ.ಮೀ. ಎಂದರೆ 400 ಮಿ.ಮೀ. ದಿನಕ್ಕೆ 204.4 ಮಿ.ಮೀ. ದಾಟಿದರೆ ಸಾಕು, ಹವಾಮಾನ ಇಲಾಖೆ ತನ್ನ ಪಟ್ಟಿಯ ಕೊನೆಯ ಮೆಟ್ಟಿಲಿಗೆ, ಅತ್ಯಂತ ಭಾರಿ ಮಳೆಗೆ ಸೇರಿಸುತ್ತದೆ. ಕರಡಿನ ಪ್ರಕಾರ ಮಾರ್ಚ್ ತಿಂಗಳ ಒಂದು ಸಂಜೆ ಅದರ ಎರಡರಷ್ಟು ಸುರಿದಂತಾಯಿತು! ಅಸಲಿಗೆ ನಲವತ್ತು ಸೆಂಟ್ ಹೂಮಳೆಗೂ (ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮಳೆ) ಸಾಲದು. ರೊಬಸ್ಟಾ ಕಾಫಿಯ ಮೊಗ್ಗು ಚೆನ್ನಾಗಿ ಅರಳಲು ಸುಮಾರು ಒಂದಿಂಚು ಬೇಕು. ಅದಕ್ಕಿಂತ ತೀರಾ ಕಡಿಮೆ ಬಿದ್ದರೆ ಮೊಗ್ಗು ಅರೆಬರೆ ಅರಳಿ ಕಾಯಿ ಕಟ್ಟುವುದು ಕೆಡುತ್ತದೆ. ಬೆಳೆಗಾರ ಸೆಂಟ್ ಲೆಕ್ಕದಲ್ಲಿ ಚೌಕಾಸಿ ಮಾಡುವುದು ಅದಕ್ಕೇ: ಅರವತ್ತು ಸೆಂಟ್ ಬಿದ್ದ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬುದು ಉಳಿದ ನಲವತ್ತರ ಮೇಲೆ ನಿಂತಿದೆ.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಪತ್ರಿಕೆಗಳಲ್ಲಿ ಬರುವ ಊರುವಾರು ಮಳೆ ಪಟ್ಟಿ ಎಷ್ಟೋ ಸಲ ಸೆಂ.ಮೀ.ನಲ್ಲೇ ಇರುತ್ತದೆ. ಅದನ್ನು ಓದಿ ರೂಢಿಯಾದವರ ಕಣ್ಣಿಗೆ ‘ಸೆಂ.’ ಕಂಡರೆ ಕೈ ತಾನಾಗಿ ‘ಮೀ.’ ಸೇರಿಸುತ್ತದೆ. ಆದ್ದರಿಂದ ‘ಸೆಂ.’ ಎಂದು ಮೊಟಕು ಮಾಡದೆ ‘ಸೆಂಟ್’ ಎಂದೇ ಪೂರ್ತಿ ಬರೆಯಿರಿ. ಮೊದಲ ಸಲ ಬಂದಾಗ ‘40 ಸೆಂಟ್ (ಸುಮಾರು 10 ಮಿ.ಮೀ.)’ ಎಂದು ಕೊಟ್ಟರೆ ಬಯಲುಸೀಮೆಯ ಓದುಗರಿಗೂ ತಿಳಿಯುತ್ತದೆ.

ಜಾಗದ ಸೆಂಟಿಗೂ ಇದಕ್ಕೂ ಬೇರು ಒಂದೇ: ನೂರನೇ ಪಾಲು. ಅಲ್ಲಿ ಎಕರೆಯ ನೂರನೇ ಪಾಲು, 435.6 ಚದರಡಿ. ಇಲ್ಲಿ ಇಂಚಿನದು. ಎರಡನ್ನೂ ಕೂಡಿಸಿದರೆ ಸೊಗಸಾದ ಲೆಕ್ಕವೊಂದು ಸಿಗುತ್ತದೆ: ಒಂದು ಸೆಂಟ್ ಜಾಗದ ಮೇಲೆ ಒಂದು ಸೆಂಟ್ ಮಳೆ ಬಿದ್ದರೆ ಹತ್ತು ಲೀಟರಿಗೆ ತುಸು ಹೆಚ್ಚು ನೀರು, ಹೆಚ್ಚುಕಡಿಮೆ ಒಂದು ಸಣ್ಣ ಬಕೆಟ್. ಎಕರೆಗೆ ಒಂದಿಂಚು ಬಿದ್ದರೆ ಒಂದು ಲಕ್ಷದ ಮೂರು ಸಾವಿರ ಲೀಟರ್ ಸಮೀಪ.

ಬರವಣಿಗೆಯಲ್ಲಿ ನಿಜಕ್ಕೂ ಎಡವುವುದು ದಶಾಂಶದಲ್ಲಿ. ‘ಒಂದಿಂಚು ನಾಲ್ಕು ಸೆಂಟ್’ ಎಂದರೆ 1.04. ಅದನ್ನು 1.4 ಎಂದು ಪುಸ್ತಕಕ್ಕೆ ಏರಿಸುವವರಿದ್ದಾರೆ. ಅಲ್ಲಿಗೆ ಮೂವತ್ತಾರು ಸೆಂಟ್, ಅಂದರೆ ಒಂಬತ್ತು ಮಿ.ಮೀ. ಮಳೆ ಕಾಗದದ ಮೇಲೇ ಸುರಿಯಿತು. ಬಿಂದುವಿನ ನಂತರ ಯಾವಾಗಲೂ ಎರಡು ಅಂಕಿ ಬರೆಯಬೇಕು ಎಂಬ ಸೂಚನೆಯನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

‘ಅಳತೆ ಗ್ಲಾಸ್’ ಎಂಬ ಮಾತು ಕರಡಿನಲ್ಲಿ ಹೇಗೆ ಬಂದಿದೆಯೋ ನೋಡಿಕೊಳ್ಳಿ. ಇಂಚಿನ ಗ್ಲಾಸಿನಲ್ಲಿ ಒಂದು ಸಣ್ಣ ಗೀಟು ಒಂದು ಸೆಂಟ್. ಆದರೆ ಆ ಗೀಟು ಯಾವ ಆಲಿಕೆಗೆ ಎಂಬುದು ಮುಖ್ಯ. ಹಳೆಯ ಐದಿಂಚು ಬಾಯಿಯ ಸೈಮನ್ಸ್ ಮಳೆಮಾಪಕದಲ್ಲಿ ಒಂದು ಸೆಂಟಿಗೆ ಸುಮಾರು 3.2 ಮಿ.ಲೀ. ನೀರು. ಈಗಿನ ಫೈಬರ್ ಮಳೆಮಾಪಕಗಳ ಆಲಿಕೆ ಬಾಯಿ 100 ಅಥವಾ 200 ಚದರ ಸೆಂ.ಮೀ. ಇರುತ್ತದೆ: ಮೊದಲನೆಯದರಲ್ಲಿ 1 ಮಿ.ಮೀ. ಮಳೆಗೆ 10 ಮಿ.ಲೀ., ಎರಡನೆಯದರಲ್ಲಿ 20. ಗ್ಲಾಸ್ ಒಡೆದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು 200ರ ಆಲಿಕೆಗೆ 100ರ ಗ್ಲಾಸ್ ಬಳಸಿದರೆ ವರ್ಷವಿಡೀ ಮಳೆ ಎರಡು ಪಟ್ಟು ಬರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ, ‘ಈ ಸಲ ಜೋರು’ ಎನ್ನುತ್ತಾರೆ ಅಷ್ಟೆ. ಸರಿಯಾದ ಗ್ಲಾಸ್ ಸಿಗುವ ತನಕ ಸಾಮಾನ್ಯ ಮಿ.ಲೀ. ಜಾಡಿಯಲ್ಲಿ ಅಳೆದು, ಆಲಿಕೆಗೆ ತಕ್ಕಂತೆ 10 ಅಥವಾ 20ರಿಂದ ಭಾಗಿಸುವುದೇ ಲೇಸು. ನೀರಿನ ಮೇಲ್ಮೈ ಗಾಜಿನ ಅಂಚಿಗೆ ತುಸು ಏರಿರುತ್ತದೆ. ಕಣ್ಣನ್ನು ಅದರ ಸಮಕ್ಕೆ ತಂದು ನಡುವಿನ ತಗ್ಗನ್ನು ಓದಬೇಕು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಇಡುವ ಮಳೆ ಅಳೆಯುವ ಪಾತ್ರೆಗೆ ‘ವರ್ಷಮಾನ’ ಎಂಬ ಹೆಸರಿದೆ. ಕನ್ನಡಕ್ಕೆ ತರುವ ಆಸೆ ಬೇಡ. ನಮಗೆ ವರ್ಷ ಎಂದರೆ ಹನ್ನೆರಡು ತಿಂಗಳು. ‘ಮಳೆಮಾಪಕ’ವೇ ಇರಲಿ, ತೋಟದಲ್ಲಿ ಹೇಗೂ ‘ರೈನ್‌ಗೇಜ್’ ಎನ್ನುತ್ತಾರೆ.

ಉತ್ತರ 2

ಮೇಲಿನದೆಲ್ಲ ಸರಿ. ‘ಉರುಳು ಬಕೆಟ್’ ಬಗ್ಗೆ ಎರಡು ಮಾತು.

ಅಲ್ಲಿ ಏನೂ ಉರುಳುವುದಿಲ್ಲ. ಆಲಿಕೆಯ ಕೆಳಗೆ ಒಂದೇ ಕೀಲಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ತಕ್ಕಡಿಯಂತೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಬಾಯಿಗೆ ಬರುತ್ತದೆ. ಪ್ರತಿ ವಾಲಿಕೆಗೂ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದು ಎಣಿಕೆ ಬೀಳುತ್ತದೆ. ಇದಕ್ಕೆ ಕನ್ನಡದ ಕ್ರಿಯಾಪದ ಮಗುಚು. ‘ಮಗುಚುಬಟ್ಟಲಿನ ಮಳೆಮಾಪಕ’ ಎಂದರೆ ಕೆಲಸವೇ ಹೆಸರಿನಲ್ಲಿ ಬಂತು. ಬಕೆಟ್ ಎಂಬ ಪದವೂ ಅಲ್ಲಿ ದೊಡ್ಡದಾಯಿತು, ಹಿಡಿಯುವುದು ಕೆಲವೇ ಮಿ.ಲೀ.

ಸೆಂಟಿನ ನಂಟು ಇಲ್ಲೂ ಇದೆ. ಕೆಲವು ಮಾದರಿಗಳಲ್ಲಿ ಒಂದು ಮಗುಚು 0.254 ಮಿ.ಮೀ., ಅಂದರೆ ಸರಿಯಾಗಿ ಒಂದು ಸೆಂಟ್. ಬೇರೆಯವು 0.2 ಅಥವಾ 0.5. ಇದನ್ನು ನೋಡದೆ ಎಣಿಕೆಯನ್ನೇ ಸೆಂಟ್ ಎಂದು ಬರೆದರೆ 0.2ರ ಯಂತ್ರದಲ್ಲಿ ಮಳೆ ಕಾಲು ಪಾಲಿಗಿಂತ ಹೆಚ್ಚು ಉಬ್ಬುತ್ತದೆ. ರಭಸದ ಮಳೆಯಲ್ಲಿ ತಪ್ಪು ಉಲ್ಟಾ: ಬಟ್ಟಲು ವಾಲುವ ಅರೆಗಳಿಗೆಯಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಸಿಲ್ವರ್ ಓಕ್ ಎಲೆ ಆಲಿಕೆಯ ತೂತಿಗೆ ಅಡ್ಡ ಕೂತರೆ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಎಣಿಕೆ ಬೀಳುತ್ತಿರುತ್ತದೆ. ಜೇಡ ಬಲೆ ಕಟ್ಟಿ ಬಟ್ಟಲನ್ನೇ ಹಿಡಿದಿಟ್ಟರೆ ಸೊನ್ನೆ. ಪಕ್ಕದಲ್ಲೊಂದು ಸಾದಾ ಮಳೆಮಾಪಕ ಇಟ್ಟರೆ ಇವೆಲ್ಲ ಎರಡೇ ದಿನದಲ್ಲಿ ಬಯಲಾಗುತ್ತವೆ.

‘ನಿನ್ನೆಯ ಮಳೆ’ ಎಂಬ ಮಾತನ್ನೂ ಕೈಪಿಡಿಯಲ್ಲಿ ಬಿಡಿಸಿ ಹೇಳಿ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ತೋಟದಲ್ಲಿ ಆರೂವರೆಗೇ ಓದಿ ಚೆಲ್ಲಿದರೆ, ಏಳು ಗಂಟೆಗೆ ಬಿದ್ದ ಮಳೆ ತೋಟದ ಪುಸ್ತಕದಲ್ಲಿ ಒಂದು ದಿನಕ್ಕೆ, ಇಲಾಖೆಯ ಪಟ್ಟಿಯಲ್ಲಿ ಇನ್ನೊಂದು ದಿನಕ್ಕೆ ಸೇರುತ್ತದೆ.