ಕೋಲಾರದಲ್ಲಿ ಹತ್ತು ವರ್ಷಕ್ಕೆ ಹತ್ತು ಲಕ್ಷ ಜನ ಕಮ್ಮಿಯಾದರಾ? ಪ್ರಾಜೆಕ್ಟಿಗೆ ಸಹಾಯ ಬೇಕು

ಮಾಲೂರಿನ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಕೋಲಾರ ಜಿಲ್ಲೆಯ ವಲಸೆ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. 2001ರ ಜನಗಣತಿಯಲ್ಲಿ ಕೋಲಾರದ ಜನಸಂಖ್ಯೆ 25,36,069 ಅಂತ ಇದೆ. 2011ರಲ್ಲಿ 15,36,401. ಅಂದರೆ ಹತ್ತು ಲಕ್ಷ ಜನ ಕಮ್ಮಿ! ಚಿನ್ನದ ಗಣಿ ಮುಚ್ಚಿದ್ದೂ 2001ರಲ್ಲೇ. ಬೋರ್‌ವೆಲ್‌ಗಳು ಬತ್ತಿವೆ. ನಮ್ಮ ಬೀದಿಯಿಂದಲೇ ಎಷ್ಟೋ ಮನೆಯವರು ಬೆಂಗಳೂರು ಸೇರಿದ್ದಾರೆ. ಹಾಗಾಗಿ ಗಣಿ ಮುಚ್ಚಿ, ನೀರಿಲ್ಲದೆ ಹತ್ತು ಲಕ್ಷ ಜನ ಜಿಲ್ಲೆ ಬಿಟ್ಟರು ಅಂತ ಬರೆದೆ. ನಮ್ಮ ಮೇಡಂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು "ಮತ್ತೆ ನೋಡು" ಅಂತಷ್ಟೇ ಬರೆದಿದ್ದಾರೆ.

ಎರಡು ಸಂಖ್ಯೆಗಳನ್ನೂ ಮೂರು ವೆಬ್‌ಸೈಟಿನಲ್ಲಿ ನೋಡಿದೆ, ಎಲ್ಲ ಕಡೆ ಒಂದೇ ಇದೆ. ಎಐ ಆ್ಯಪ್ ಕೇಳಿದರೆ ಅದೂ ಹೌದು ಅಂದಿತು. ಒಂದು ಸಂಶೋಧನಾ ಲೇಖನದ ಹೆಸರನ್ನೂ ಕೊಟ್ಟಿತು. ಎರಡು ದಿನ ಹುಡುಕಿದರೂ ಆ ಲೇಖನ ಸಿಗಲಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಸೋಮವಾರ ಕೊಡಬೇಕು.

ಚಿಂತಾಮಣಿ ಹುಡುಗ:

ಅಕ್ಕಾ, 2001ರಲ್ಲಿ ನಮ್ಮ ಚಿಂತಾಮಣಿ ಕೂಡ ಕೋಲಾರ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತಲ್ವಾ? ನಾವು ಇದ್ದ ಕಡೆಯೇ ಇದ್ದೇವೆ.

ನಿವೃತ್ತ ಗ್ರಂಥಪಾಲಕ, ಕೋಲಾರ:

ಈ ಹುಡುಗ ಹೇಳಿದ್ದು ಸರಿ. ನೋಡಮ್ಮ, ನಿನ್ನ ಎರಡು ಸಂಖ್ಯೆಗಳೂ ಸರಿಯಾಗಿಯೇ ಇವೆ. ಆದರೆ ಅವು ಒಂದೇ ಜಾಗದ ಲೆಕ್ಕವಲ್ಲ. 2001ರ ಕೋಲಾರದಲ್ಲಿ 11 ತಾಲ್ಲೂಕುಗಳಿದ್ದವು. 2007ರಲ್ಲಿ ಆರು ಆಚೆ ಹೋದವು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ, ಚಿಂತಾಮಣಿ. ಹೆಸರು ಅದೇ ಉಳಿಯಿತು, ಗಡಿ ಬದಲಾಯಿತು.

ಈಗ 2011ರ ಜನಗಣತಿಯ ಕೋಷ್ಟಕಗಳನ್ನು ತೆಗೆದು ನೋಡು. ಹೊಸ ಗಡಿಗೆ ಸರಿಹೊಂದಿಸಿದ 2001ರ ಸಂಖ್ಯೆ ಅಲ್ಲಿ ಸಿಗುತ್ತದೆ. ಕೋಲಾರಕ್ಕೆ 13,87,062. ಚಿಕ್ಕಬಳ್ಳಾಪುರಕ್ಕೆ 11,49,007. ಎರಡನ್ನೂ ನೀನೇ ಕೂಡಿಸು, ನಿನ್ನ 25,36,069 ಬರುತ್ತದೆ. ಒಬ್ಬರೂ ಹೆಚ್ಚಿಲ್ಲ, ಒಬ್ಬರೂ ಕಮ್ಮಿಯಿಲ್ಲ. ಈಗಿನ ಗಡಿಯೊಳಗಿನ ಕೋಲಾರದಲ್ಲಿ ಹತ್ತು ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಜನ ಜಾಸ್ತಿಯಾಗಿದ್ದಾರೆ.

ಮೂರು ವೆಬ್‌ಸೈಟಿನಲ್ಲಿ ನೋಡಿದೆ ಅಂದೆ. ಮೂರು ಕೊಡ ತಂದಿಟ್ಟರೂ ನೀರು ಒಂದೇ ಬಾವಿಯದು. ಅವೆಲ್ಲ ಜನಗಣತಿಯಿಂದಲೇ ಎತ್ತಿಕೊಂಡವು, ಅಡಿಟಿಪ್ಪಣಿಯನ್ನು ಮಾತ್ರ ಬಿಟ್ಟವು. ಅದಕ್ಕೇ ಕೋಷ್ಟಕದ ಕೆಳಗಿನ ಸಣ್ಣ ಅಕ್ಷರವನ್ನು ಮೊದಲು ಓದು ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಮೂವತ್ತು ವರ್ಷ ಕಾಲೇಜು ಲೈಬ್ರರಿಯಲ್ಲಿದ್ದವನು ನಾನು. ಮಕ್ಕಳು ಇಂಥ ಕಡೆ ಎಡವಿದಾಗ ನನಗೆ ಬೇಜಾರಾಗುತ್ತಿತ್ತು. ಅವರಿಗೆ ಓದುವ ಆಸಕ್ತಿ ಇರುತ್ತಿತ್ತು, ತೋರಿಸಿಕೊಡುವವರು ಇರುತ್ತಿರಲಿಲ್ಲ.

ಇನ್ನೊಂದು ಮಾತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆ ಸಲದ ಜನಗಣತಿಯ ಲೆಕ್ಕ ಮಾರ್ಚ್ 1ರದು. ಒಂದೇ ದಿನದ ಅಂತರ! ಹಾಗಾಗಿ ಗಣಿಯ ಪರಿಣಾಮ ನೋಡಲು 2001 ಮತ್ತು 2011ರ ಹೋಲಿಕೆ ಒಳ್ಳೆಯದೇ. ಆದರೆ ಇಡೀ ಜಿಲ್ಲೆ ಬೇಡ, ಬಂಗಾರಪೇಟೆ ತಾಲ್ಲೂಕನ್ನು ತೆಗೆದುಕೋ. ಗಣಿಯಿದ್ದ ಕೆಜಿಎಫ್ ಆಗ ಅದರೊಳಗೇ ಇತ್ತು. ಜನಸಂಖ್ಯೆ ಹೆಚ್ಚಿತು ಅಂದ ಮಾತ್ರಕ್ಕೆ ಯಾರೂ ಊರು ಬಿಡಲಿಲ್ಲ ಅಂತಲೂ ಅಲ್ಲ. ಹುಟ್ಟು, ಸಾವು, ಬಂದವರು, ಹೋದವರು ಎಲ್ಲ ಸೇರಿದ ಲೆಕ್ಕ ಅದು. ವಲಸೆಗೇ ಬೇರೆ ಕೋಷ್ಟಕಗಳಿವೆ, ಡಿ ಸರಣಿ ಅನ್ನುತ್ತಾರೆ. ನಿನ್ನ ಬೀದಿಯಿಂದ ಹೋದ ಮನೆಗಳು ಸುಳ್ಳಲ್ಲ. ಅವರ ಬಗ್ಗೆ ಅವರನ್ನೇ ಕೇಳಿ ಬರೆ. ಯಾವ ವರ್ಷ ಹೋದರು, ಯಾಕೆ ಹೋದರು ಅಂತ. ಅದು ನಿನ್ನದೇ ಮಾಹಿತಿ.

ಎಐ ಕೊಟ್ಟ ಲೇಖನದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕು. ಆಮೇಲೆ ಆ ಪತ್ರಿಕೆಯ ಸಂಚಿಕೆ ತೆಗೆದು ಪುಟ ನೋಡು. ಅಲ್ಲೂ ಇಲ್ಲದಿದ್ದರೆ ಪ್ರಾಜೆಕ್ಟಿನಿಂದ ತೆಗೆದುಬಿಡು. ಇಲ್ಲದ ಲೇಖನಕ್ಕೂ ಎಐ ಚೆಂದದ ಹೆಸರು ಕೊಡುತ್ತದೆ. ನೀನು ಕಣ್ಣಾರೆ ಓದದ್ದನ್ನು ಬರೆಯಬೇಡಮ್ಮ. ಪಿಎಚ್‌.ಡಿ. ಪ್ರಬಂಧ ಬೇಕಾದರೆ ಶೋಧಗಂಗಾ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಪೂರ್ತಿ ಓದಬಹುದು.

ತುಮಕೂರು ಎಂ.ಎ.:

ಸರ್ ಹೇಳಿದ ಗಡಿಯ ವಿಷಯ ಹಳೆಯ ಪುಸ್ತಕಗಳಲ್ಲೂ ಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಲಾಶಾಸನ ಹುಡುಕುತ್ತಾ ನನ್ನ ಗೆಳತಿ ಒಂದು ವಾರ ಕಳೆದಳು. ಆ ಹೆಸರಿನ ಸಂಪುಟವೇ ಇರಲಿಲ್ಲ. ಎಲ್ಲ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 10ನೇ ಸಂಪುಟದಲ್ಲಿ, ಕೋಲಾರ ಅನ್ನುವ ಹೆಸರಿನಲ್ಲಿ ಇದ್ದವು. ಬಿ.ಎಲ್. ರೈಸ್ ಎಂಬ ವಿದ್ವಾಂಸರು ಅದನ್ನು ಹೊರತಂದದ್ದು 1905ರಲ್ಲಿ, ಆಗ ಎಲ್ಲಿಯ ಚಿಕ್ಕಬಳ್ಳಾಪುರ ಜಿಲ್ಲೆ? ಹೆಸರಿನ ಸ್ಪೆಲಿಂಗ್ ಕೂಡ ನೋಡಿ. ನಮ್ಮೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಅದಕ್ಕೆ ಮುಂಚಿನ ವರದಿ ಬೇಕಾದರೆ ಹಳೆಯ "ಟುಮ್ಕೂರ್" ಸ್ಪೆಲಿಂಗ್ ಹಾಕಲೇಬೇಕು.

ಮಾಲೂರಿನ ವಿದ್ಯಾರ್ಥಿನಿ:

ಸರ್, ಕೂಡಿಸಿ ನೋಡಿದೆ. ಸರಿಯಾಗಿ 25,36,069 ಬಂತು. ಎರಡು ಸಲ ಮಾಡಿದೆ. ಆ ಲೇಖನ ಎಲ್ಲೂ ಇಲ್ಲ, ತೆಗೆದುಹಾಕಿದೆ. ಹತ್ತು ಲಕ್ಷದ ಸಾಲೂ ಹೋಯಿತು. ಈಗ ಬಂಗಾರಪೇಟೆ ತಾಲ್ಲೂಕಿನ ಎರಡು ಗಣತಿಯ ಪುಟಗಳನ್ನು ಇಳಿಸಿಕೊಂಡಿದ್ದೇನೆ, ಅಡಿಟಿಪ್ಪಣಿಯಿಂದಲೇ ಓದಲು ಶುರು ಮಾಡಿದ್ದೇನೆ. ನಮ್ಮ ಬೀದಿಯಿಂದ ಹೋದವರಲ್ಲಿ ನಾಲ್ಕು ಮನೆಯವರ ಫೋನ್ ನಂಬರ್ ಅಮ್ಮನ ಹತ್ತಿರ ಇದೆ. ಭಾನುವಾರ ಮಾತಾಡುತ್ತೇನೆ.