ಮೆಣಸಿನ ಬೆಲೆಗಾಗಿ ಆಸಿಯಾನ್ ಒಪ್ಪಂದ ಬಿಡಬೇಕೇ? ಯುರೋಪನ್ನು ಬಿಟ್ಟ ಬ್ರಿಟನ್‌ಗೆ ದಕ್ಕಿದ್ದೇನು?

ಪ್ರಶ್ನೆ: ಸಿದ್ದಾಪುರದ ಬೆಳೆಗಾರ್ತಿ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ರೊಬಸ್ಟಾ ಕಾಫಿ ತೋಟ. ನೆರಳಿನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಾಫಿಯ ಹಣ ಕೂಲಿ, ಗೊಬ್ಬರ, ನೀರು ಹಾಯಿಸುವ ಡೀಸೆಲ್ ಎಂದು ತೋಟಕ್ಕೇ ಮರಳುತ್ತದೆ. ಮಕ್ಕಳ ಶುಲ್ಕ, ಮನೆ ದುರಸ್ತಿ, ಸಾಲದ ಕಂತು ಎಲ್ಲವೂ ಮೆಣಸಿನ ಲೆಕ್ಕ. 2016ರ ಆಸುಪಾಸಿನಲ್ಲಿ ಕಿಲೋಗೆ 700 ರೂಪಾಯಿಯ ಹತ್ತಿರ ಇದ್ದ ಮೆಣಸು ಮೂರ್ನಾಲ್ಕು ವರ್ಷಗಳಲ್ಲಿ ಅರ್ಧಕ್ಕೆ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿರಲಾರರು. ಈಗ ಬೆಲೆ ಚೇತರಿಸಿದೆ. ಆದರೂ ವಿಯೆಟ್ನಾಂ ಎಂದರೆ ನಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ನಿಮಿರುತ್ತದೆ.

ಮೊನ್ನೆ ಬೆಳೆಗಾರರ ಸಭೆಯಲ್ಲಿ ಒಬ್ಬರು, "ಬ್ರಿಟನ್ ಯುರೋಪನ್ನೇ ಬಿಟ್ಟು ಬಂತು, ನಮಗೆ ಆಸಿಯಾನ್ ಒಪ್ಪಂದ ಬಿಡಲು ಏನು ಅಡ್ಡಿ?" ಎಂದರು. ಆಸಿಯಾನ್ ಎಂದರೆ ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾದ ದೇಶಗಳ ಕೂಟ. ಚಪ್ಪಾಳೆ ಜೋರಾಗಿಯೇ ಬಿತ್ತು. ಮನೆಗೆ ಬಂದರೆ ನಮ್ಮ ಭಾವನವರದೂ ಅದೇ ಮಾತು. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಒಪ್ಪಂದ ಬಿಟ್ಟರೆ ಮೆಣಸಿಗೆ ಎಷ್ಟು ಲಾಭ? ಕಾಫಿಗೆ ಪೆಟ್ಟು ಬೀಳುತ್ತದೆಯೇ? ಬ್ರಿಟನ್‌ನಲ್ಲಿ ನಿಜಕ್ಕೂ ಏನಾಯಿತು? ಘೋಷಣೆ ಬೇಡ, ಲೆಕ್ಕ ಗೊತ್ತಿರುವವರು ಹೇಳಿ.

ಉತ್ತರ: ಸೋಮವಾರಪೇಟೆಯಿಂದ

ಇದರಲ್ಲಿ ಲೆಕ್ಕ ಹಾಕುವುದಕ್ಕೆ ಏನಿದೆ? 2009ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಲ್ಲಿ ಸಹಿ ಹಾಕಿದರು, 2010ರ ಜನವರಿ 1ರಿಂದ ಜಾರಿಗೆ ತಂದರು. ಶೇ 70 ಇದ್ದ ಮೆಣಸಿನ ಸುಂಕವನ್ನು ಶೇ 50ಕ್ಕೆ, ಶೇ 100 ಇದ್ದ ಕಾಫಿಯ ಸುಂಕವನ್ನು ಶೇ 45ಕ್ಕೆ ಹಂತ ಹಂತವಾಗಿ ಇಳಿಸುವುದಾಗಿ ಬರೆದುಕೊಟ್ಟರು. ಕೊಡಗಿನವರನ್ನು ಒಂದು ಮಾತು ಕೇಳಿದರೇ? ಆಸಿಯಾನ್ ದೇಶಗಳಿಂದ ನಮಗೆ ಬರುವ ಸರಕಿನ ಮೌಲ್ಯ ಈಗ ನಾವು ಅಲ್ಲಿಗೆ ಕಳುಹಿಸುವುದರ ಸುಮಾರು ಎರಡರಷ್ಟಿದೆ. 2019ರ ನವೆಂಬರ್‌ನಲ್ಲಿ ಅದೇ ಬ್ಯಾಂಕಾಕಿನಲ್ಲಿ ಆಸಿಯಾನ್, ಚೀನಾ ಮತ್ತಿತರ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದ ಬೇಡವೆಂದು ಎದ್ದು ಬಂದೆವಲ್ಲ, ಯಾವ ಆಕಾಶ ಕಳಚಿ ಬಿತ್ತು? ಹೊಸದಕ್ಕೆ ಬೇಡ ಎಂದವರು ಹಳೆಯದಕ್ಕೂ ಬೇಡ ಎನ್ನಬಹುದು. ಬಿಡಬೇಕು, ಅಷ್ಟೇ.

ಉತ್ತರ: ಗೋಣಿಕೊಪ್ಪ (ಹಿಂದೆ ಕೊಚ್ಚಿ ಬಂದರಿನಲ್ಲಿದ್ದವನು)

ಅಕ್ಕ, ನಾನು ಬಹಳ ವರ್ಷ ಕೊಚ್ಚಿಯಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟರೊಬ್ಬರ ಕಚೇರಿಯಲ್ಲಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಆಮದಾಗಿ ಬಂದ ಮೆಣಸಿನ ಕಾಗದಗಳನ್ನೂ ತುಂಬಿಸಿದ್ದೇನೆ, ನಮ್ಮ ಮೆಣಸನ್ನು ಕಣದಲ್ಲೂ ಒಣಗಿಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ನಾವು ಆಸಿಯಾನ್‌ನ ಸದಸ್ಯರೇ ಅಲ್ಲ. ಆ ಕೂಟದೊಂದಿಗೆ ನಮಗಿರುವುದು ಸುಂಕ ಇಳಿಸುವ ಒಪ್ಪಂದ ಮಾತ್ರ. ಬ್ರಿಟನ್ ಬಿಟ್ಟದ್ದು ಬೇರೆಯೇ ಬಗೆಯ ನಂಟು. ಯುರೋಪಿಯನ್ ಒಕ್ಕೂಟದಲ್ಲಿ ಹೊರಗಿನವರಿಗೆ ಒಂದೇ ಸುಂಕ, ಒಳಗೆ ಸರಕಿಗೂ ಜನಕ್ಕೂ ತಡೆಯಿಲ್ಲ, ಆಹಾರ ಪರೀಕ್ಷೆಯ ನಿಯಮವೂ ಒಂದೇ. ಅದು ಐನ್‌ಮನೆಯಿಂದ, ಅಂದರೆ ಕುಟುಂಬದ ಮೂಲಮನೆಯಿಂದ, ಪಾಲು ಕೇಳಿ ಹೊರಬಂದ ಹಾಗೆ. ನಮ್ಮದು ಪಕ್ಕದ ತೋಟದವನಿಗೆ ಬೇಲಿಯಲ್ಲಿ ಬಿಟ್ಟ ಗೇಟನ್ನು ಮುಚ್ಚುವ ವಿಚಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ ಸಭೆಯವರಿಗೆ ಚಪ್ಪಾಳೆ ಸುಲಭವಾಗಿ ಸಿಕ್ಕಿದೆ.

ಈಗ ಮೆಣಸಿನ ಲೆಕ್ಕ. ವಿಯೆಟ್ನಾಂ ಮೆಣಸು ನಮ್ಮ ಬಂದರಿಗೆ ಕಿಲೋಗೆ 400 ರೂಪಾಯಿಗೆ ಬಂತು ಎಂದು ಇಟ್ಟುಕೊಳ್ಳಿ. ಶೇ 50 ಸುಂಕ ಕಟ್ಟಿದರೆ 600. ಒಪ್ಪಂದ ಬಿಟ್ಟು ಹಳೆಯ ಶೇ 70ಕ್ಕೆ ಹೋದರೆ 680. ನಮ್ಮ ಪೇಟೆಯಲ್ಲಿ ಮೆಣಸು 350ಕ್ಕೆ ಬಿದ್ದಿದ್ದ ವರ್ಷಗಳಲ್ಲಿ ಈ ಎರಡೂ ದರದಲ್ಲಿ ಸುಂಕ ಕಟ್ಟಿ ಲಾಭ ಮಾಡುವ ವ್ಯಾಪಾರಿ ಎಲ್ಲಿದ್ದಾನೆ? ಅಂದಮೇಲೆ ಅಗ್ಗದ ಮೆಣಸು ಬಂದದ್ದು ಈ ಬಾಗಿಲಿನಿಂದಲ್ಲ.

ಬಂದದ್ದು ಕೊಲಂಬೊ ಕಡೆಯಿಂದ. ಶ್ರೀಲಂಕಾದೊಂದಿಗೆ 1998ರಲ್ಲಿ ಸಹಿ ಮಾಡಿ 2000ದಲ್ಲಿ ಜಾರಿಗೆ ತಂದ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಅದು ಮೀರಿದರೆ ದಕ್ಷಿಣ ಏಷ್ಯಾದ ದೇಶಗಳ ಸಾಫ್ಟಾ ವ್ಯಾಪಾರ ಒಪ್ಪಂದದಡಿ ಶೇ 8. ಎಪ್ಪತ್ತು, ಐವತ್ತು ಎಂದು ನಾವು ಜಗಳವಾಡುತ್ತಿದ್ದಾಗ ಸೊನ್ನೆಯ ಬಾಗಿಲು ತೆರೆದೇ ಇತ್ತು. ಶ್ರೀಲಂಕಾದ ರೈತ ಬೆಳೆದ ಮೆಣಸು ಬಂದರೆ ನನಗೆ ತಕರಾರಿಲ್ಲ, ಅದು ಒಳ್ಳೆಯ ಮೆಣಸು. ವಿಯೆಟ್ನಾಂ ಮೆಣಸು ಅಲ್ಲಿ ಇಳಿದು, ಚೀಲ ಬದಲಿಸಿಕೊಂಡು, ಶ್ರೀಲಂಕಾ ಮೂಲದ ಪ್ರಮಾಣಪತ್ರ ಹಿಡಿದು ಬರುವುದು ನಮ್ಮನ್ನು ಮುಳುಗಿಸಿದ್ದು. ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ), ಕಾಳಿನ ಗಾತ್ರ, ಬಣ್ಣ ಇಷ್ಟನ್ನು ನೋಡಿಯೇ ಗೋಣಿಕೊಪ್ಪದ ಯಾವ ವ್ಯಾಪಾರಿಯಾದರೂ ಅನುಮಾನಪಡುತ್ತಾನೆ. ಆದರೆ ಅನುಮಾನದ ಮೇಲೆ ಕಸ್ಟಮ್ಸ್ ಅಧಿಕಾರಿ ಕಂಟೇನರ್ ಹಿಡಿಯುವಂತಿಲ್ಲ. ಅವನ ಮುಂದಿರುವುದು ಕಾಗದ, ಕಾಗದ ಸರಿಯಾಗಿರುತ್ತದೆ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯ. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿದರು. 2020ರ ಸೆಪ್ಟೆಂಬರ್‌ನಿಂದ ಸರಕಿನ ಮೂಲವನ್ನು ಸಾಬೀತು ಮಾಡುವ ಹೊಣೆಯನ್ನು ಆಮದುದಾರನ ಮೇಲೂ ಹಾಕಿದ ನಿಯಮಗಳು ಬಂದವು. ಗಮನಿಸಿ, ಇದೆಲ್ಲ ಆದದ್ದು ಯಾವ ಒಪ್ಪಂದವನ್ನೂ ಬಿಡದೆ. ಬಿಲ್ಲಿನಲ್ಲಿ 500 ಎಂದು ತೋರಿಸಿ ವ್ಯತ್ಯಾಸವನ್ನು ಬೇರೆ ದಾರಿಯಲ್ಲಿ ವಾಪಸ್ ಪಡೆಯುತ್ತಾರೆ ಎಂಬ ಮಾತು ಬಂದರಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಒಪ್ಪಂದ ಹರಿದು ಹಾಕಿದರೆ ಆ ಕೈಚಳಕ ನಿಲ್ಲುತ್ತದೆಯೇ? ಸುಂಕ ಏರಿದಷ್ಟೂ ಕಳ್ಳಸಾಗಣೆಯ ಲಾಭವೂ ಏರುತ್ತದೆ.

ಇನ್ನೊಂದು ಇದೆ. ಮೆಣಸಿನಿಂದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆದು ರಫ್ತು ಮಾಡುವ ಕಾರ್ಖಾನೆಗಳು ರಫ್ತಿನ ಷರತ್ತಿನ ಮೇಲೆ ಸುಂಕವಿಲ್ಲದೆ ಮೆಣಸು ತರಿಸಬಹುದು. 2018ರ ಜುಲೈನಲ್ಲಿ ಕನಿಷ್ಠ ಬೆಲೆಯ ನಿಯಮದಿಂದಲೂ ಅವಕ್ಕೆ ವಿನಾಯಿತಿ ಸಿಕ್ಕಿತು. ಆಸಿಯಾನ್ ಒಪ್ಪಂದ ಇದ್ದರೂ ಇಲ್ಲದಿದ್ದರೂ ಆ ಮೆಣಸು ಬಂದೇ ಬರುತ್ತದೆ. ಇನ್‌ಸ್ಟಂಟ್ ಕಾಫಿ ರಫ್ತುದಾರರು ತರಿಸುವ ವಿಯೆಟ್ನಾಂ ರೊಬಸ್ಟಾದ ಕಥೆಯೂ ಇದೇ.

ನಮ್ಮ ಕಾಫಿಗೆ ನೇರ ಪೆಟ್ಟು ಬೀಳಲಾರದು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಅದರ ದೊಡ್ಡ ಗಿರಾಕಿ ಇಟಲಿ. ಹುರಿಯದ ಬೀಜಕ್ಕೆ ಯುರೋಪಿನಲ್ಲಿ ಸುಂಕವಿಲ್ಲ. ಅಲ್ಲಿ ನಮಗೆ ತಲೆನೋವು ಸುಂಕದ್ದಲ್ಲ. ಕೀಟನಾಶಕದ ಉಳಿಕೆ ಎಷ್ಟಿರಬೇಕು, 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋಟದ ನಕ್ಷೆ ಸಮೇತ ಹೇಗೆ ತೋರಿಸಬೇಕು ಎಂಬಂಥವು.

ಸೋಮವಾರಪೇಟೆಯ ಅಣ್ಣನಿಗೆ ಒಂದು ಮಾತು. ಬಿಟ್ಟ ದೇಶ ಸುಮ್ಮನೆ ಕೂರುವುದಿಲ್ಲ. ಕಳೆದುಕೊಂಡ ಮಾರುಕಟ್ಟೆಗೆ ಬದಲಾಗಿ ಇನ್ನೊಂದನ್ನು ಹುಡುಕುತ್ತದೆ, ಹುಡುಕುವವನಿಗೆ ಚೌಕಾಸಿಯಲ್ಲಿ ಬಲವಿರುವುದಿಲ್ಲ. ಯುರೋಪನ್ನು ಬಿಟ್ಟ ಬ್ರಿಟನ್ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳೊಂದಿಗೆ ಒಪ್ಪಂದ ಮಾಡಿಕೊಂಡು, 2023ರ ಮೇ 31ರಿಂದ ಅವು ಜಾರಿಯಾದವು. ಅದಕ್ಕಾಗಿ ಕೊಟ್ಟದ್ದೇನು? ಕುರಿ ಮತ್ತು ದನದ ಮಾಂಸದ ಮೇಲಿನ ಸುಂಕವನ್ನು ವರ್ಷಗಳ ಅವಧಿಯಲ್ಲಿ ತೆಗೆದುಹಾಕುವ ಭರವಸೆ. ವೇಲ್ಸಿನ ಕುರಿ ಸಾಕುವವರು ಆ ಚೌಕಾಸಿಯಲ್ಲಿ ಚಿಲ್ಲರೆಯಾದರು. ನಾಳೆ ನಾವು ಆಸಿಯಾನ್ ಬಿಟ್ಟು ಬೇರೆಡೆ ಸಾಫ್ಟ್‌ವೇರ್‌ಗೋ ಔಷಧಕ್ಕೋ ಜಾಗ ಕೇಳಲು ಹೋದಾಗ ಮೇಜಿನ ಮೇಲೆ ಇಡುವುದು ಮೆಣಸು, ಕಾಫಿ, ಅಡಿಕೆಯನ್ನೇ.

ಬಿಟ್ಟು ಗೆದ್ದವರಿಲ್ಲ ಎಂದೇನೂ ಅಲ್ಲ. ಗ್ರೀನ್‌ಲ್ಯಾಂಡ್ 1982ರಲ್ಲಿ ಜನಮತ ಕೇಳಿ 1985ರಲ್ಲಿ ಯುರೋಪಿನ ಆರ್ಥಿಕ ಸಮುದಾಯದಿಂದ ಹೊರಬಂತು. ಅದಕ್ಕೆ ಬೇಕಾದದ್ದು ತನ್ನ ಮೀನಿನ ಮೇಲೆ ತನ್ನ ಹಿಡಿತ. ಹೊರಬಂದ ಮೇಲೆ ಅಲ್ಲಿ ಮೀನು ಹಿಡಿಯಲು ಯುರೋಪ್ ಹಣ ಕೊಟ್ಟಿತು, ಗ್ರೀನ್‌ಲ್ಯಾಂಡಿನ ಮೀನಿಗೆ ಸುಂಕವಿಲ್ಲದ ಪ್ರವೇಶವೂ ಉಳಿಯಿತು. ಆದರೆ ಇಡೀ ನಾಡಿನ ಬದುಕೇ ಮೀನು ಆಗಿದ್ದರಿಂದ, ಮಾತುಕತೆಗೆ ಕುಳಿತವರು ಬೇರೆ ಯಾವುದನ್ನೂ ಉಳಿಸಬೇಕಿರಲಿಲ್ಲ. ದೆಹಲಿಯಲ್ಲಿ ಕುಳಿತವರಿಗೆ ಮೆಣಸು ಎಷ್ಟನೆಯ ಸಾಲಿನಲ್ಲಿ ಬರುತ್ತದೆ ಎಂದು ನೀವೇ ಊಹಿಸಿ.

ಉತ್ತರ: ವಿರಾಜಪೇಟೆಯವಳು, ಈಗ ಇಂಗ್ಲೆಂಡಿನ ಕೆಂಟ್‌ನಲ್ಲಿ

ಬ್ರಿಟನ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಯುರೋಪಿಗೆ ಆಹಾರ ಪದಾರ್ಥ ಕಳುಹಿಸುವ ಗೋದಾಮೊಂದರಲ್ಲಿ ನನ್ನ ಕೆಲಸ. 2016ರ ಜೂನ್ 23ರ ಮತದಾನದಲ್ಲಿ ಶೇ 51.9 ಜನ ಬಿಡೋಣ ಎಂದರು. 2020ರ ಜನವರಿ 31ಕ್ಕೆ ಬಿಟ್ಟದ್ದೂ ಆಯಿತು. ನಮ್ಮ ಗೋದಾಮಿಗೆ ಬಿಸಿ ತಟ್ಟಿದ್ದು 2021ರ ಜನವರಿಯಲ್ಲಿ. ಸುಂಕ ಸೊನ್ನೆಯೇ ಇತ್ತು, ಯುರೋಪಿನೊಂದಿಗೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ ಹಾಗೆಂದೇ ಬರೆದಿತ್ತು. ಆದರೆ ಚೀಸ್‌ಗೆ, ಮೀನಿಗೆ, ಮಾಂಸಕ್ಕೆ ಪಶುವೈದ್ಯರ ಸಹಿ ಇರುವ ಆರೋಗ್ಯ ಪ್ರಮಾಣಪತ್ರ ಬೇಕಾಯಿತು. ಒಂದೇ ಲಾರಿಯಲ್ಲಿ ಹತ್ತಾರು ಸಣ್ಣ ವ್ಯಾಪಾರಿಗಳ ಸರಕು ಇರುತ್ತದೆ. ಒಬ್ಬನ ಕಾಗದದಲ್ಲಿ ತಪ್ಪಿದ್ದರೆ ಇಡೀ ಲಾರಿ ನಿಲ್ಲುತ್ತದೆ. ದೊಡ್ಡ ಕಂಪನಿಗಳು ಕಾಗದಕ್ಕೆಂದೇ ಜನರನ್ನು ಇಟ್ಟುಕೊಂಡವು, ಸಣ್ಣವರು ಯುರೋಪಿನ ಗಿರಾಕಿಗಳನ್ನೇ ಬಿಟ್ಟರು. ಸ್ಕಾಟ್ಲೆಂಡಿನ ಸಿಗಡಿ ಮತ್ತು ಲಾಬ್‌ಸ್ಟರ್ ಹಿಡಿಯುವವರ ಪಾಡು ಆಗ ದಿನವೂ ಟಿವಿಯಲ್ಲಿ ಬರುತ್ತಿತ್ತು. ಬಿಡಬೇಕೆಂದು ಗಟ್ಟಿಯಾಗಿ ಕೂಗಿದವರಲ್ಲಿ ಮೀನುಗಾರರೂ ಇದ್ದರು ಎಂಬುದನ್ನು ನೆನಪಿಡಿ.

ಇಲ್ಲಿನ ಸರ್ಕಾರದ ಲೆಕ್ಕಾಚಾರ ನೋಡುವ ಸ್ವತಂತ್ರ ಸಂಸ್ಥೆ ಓಬಿಆರ್, ಯುರೋಪಿನಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂದು ಅಂದಾಜಿಸಿದೆ. ಇದು ಒಂದೇ ದಿನ ಬೀಳುವ ಪೆಟ್ಟಲ್ಲ. ಅದಕ್ಕೇ ಜನ ಬೆಲೆ ಏರಿಕೆಗೆ ಕೊರೋನಾವನ್ನೋ ಉಕ್ರೇನ್ ಯುದ್ಧವನ್ನೋ ಬೈಯುತ್ತಾರೆ.

ಲಾಭವೂ ಇದೆ, ಮುಚ್ಚಿಡುವುದಿಲ್ಲ. 2025ರಲ್ಲಿ ಅಮೆರಿಕ ಎಲ್ಲರ ಮೇಲೂ ಸುಂಕ ಹೇರಿದಾಗ ಬ್ರಿಟನ್‌ನ ಬಹುತೇಕ ಸರಕಿಗೆ ಶೇ 10, ಯುರೋಪಿನದಕ್ಕೆ ಶೇ 15. ಅದೇ ವರ್ಷ ಜುಲೈ 24ರಂದು ಭಾರತದೊಂದಿಗೆ ಸಹಿಯಾದ ಒಪ್ಪಂದವೂ ಯುರೋಪಿನ ಒಳಗೇ ಇದ್ದಿದ್ದರೆ ಬ್ರಿಟನ್ ಒಂದೇ ಮಾಡಿಕೊಳ್ಳಲು ಆಗುತ್ತಿರಲಿಲ್ಲ.

ಒಂದು ವಿಷಯ ಕೊಡಗಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೆಂಟ್‌ನ ಸೇಬು, ಸ್ಟ್ರಾಬೆರಿ ತೋಟಗಳಿಗೆ ಹಣ್ಣು ಕೀಳಲು ಬರುತ್ತಿದ್ದವರು ರೊಮೇನಿಯಾ, ಬಲ್ಗೇರಿಯಾದವರು. ಅವರ ದಾರಿ ಮುಚ್ಚಿದ ಮೇಲೆ ಆರು ತಿಂಗಳ ವೀಸಾದಲ್ಲಿ ನೇಪಾಳ, ಇಂಡೊನೇಷ್ಯಾ, ಕಿರ್ಗಿಸ್ತಾನಗಳಿಂದ ಜನರನ್ನು ಕರೆಸಿದರು. ಹೊರಗಿನವರು ಬೇಡ ಎಂದು ಮತ ಹಾಕಿದ ಊರುಗಳಲ್ಲೇ ಇದು ನಡೆದದ್ದು. ನಮ್ಮ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕೂಲಿಯವರನ್ನು ದಿನವೂ ದೂರುವವರು ಕೊಯ್ಲಿನ ಕಾಲದಲ್ಲಿ ಅವರಿಗೇ ಫೋನ್ ಮಾಡುವುದಿಲ್ಲವೇ?

ಸೋಮವಾರಪೇಟೆಯಿಂದ

ಗೋಣಿಕೊಪ್ಪದವರ ಲೆಕ್ಕ ಒಪ್ಪುತ್ತೇನೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಶ್ರೀಲಂಕಾ ಒಪ್ಪಂದವನ್ನೇ ಬಿಡೋಣ. ಸೊನ್ನೆಯ ಬಾಗಿಲು ಅದೇ ತಾನೇ?

ಗೋಣಿಕೊಪ್ಪ

ಆಸಿಯಾನ್‌ಗಿಂತ ಅದು ಹೆಚ್ಚು ಅರ್ಥವಿರುವ ಬೇಡಿಕೆ. ಆದರೆ ನಡೆಯುವುದಿಲ್ಲ. 2022ರಲ್ಲಿ ಆ ದೇಶ ದಿವಾಳಿಯಾದಾಗ ನಾವು ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟೆವು, ಚೀನಾ ಅಲ್ಲಿ ಕಾಲೂರಬಾರದು ಎಂಬ ಲೆಕ್ಕವೂ ಅದರಲ್ಲಿತ್ತು. ಅಷ್ಟು ಖರ್ಚು ಮಾಡಿ ಉಳಿಸಿಕೊಂಡ ನೆಂಟಸ್ತಿಕೆಯನ್ನು ನಮ್ಮ ಮೆಣಸಿಗಾಗಿ ದೆಹಲಿ ಕಡಿದುಕೊಳ್ಳುತ್ತದೆಯೇ? ಅದು ಆಗಲಿ ಎಂದು ಕಾಯುತ್ತಾ ಕುಳಿತರೆ ನಮ್ಮ ಬಳ್ಳಿಗೆ ಸೊರಗು ರೋಗ ಬಂದು ಹೋಗಿರುತ್ತದೆ.

ಸಿದ್ದಾಪುರದ ಬೆಳೆಗಾರ್ತಿ

ಎಲ್ಲರಿಗೂ ಧನ್ಯವಾದ. ಭಾವನವರಿಗೆ ಓದಿ ಹೇಳಿದೆ. "ಕ್ಲಿಯರಿಂಗ್ ಏಜೆಂಟರು ಯಾವಾಗಲೂ ಆಮದಿನ ಪರ" ಎಂದು ಗೊಣಗಿದರು, ಆದರೆ 600, 680ರ ಲೆಕ್ಕವನ್ನು ಕಾಗದದ ಮೇಲೆ ತಾವೇ ಮತ್ತೆ ಹಾಕಿ ನೋಡಿದರು. ಮುಂದಿನ ಸಭೆಯಲ್ಲಿ "ಬಿಡಬೇಕು" ಎಂಬ ನಿರ್ಣಯ ಬರುತ್ತದೆ. ಅದರ ಬದಲಿಗೆ ಏನು ಬರೆಯೋಣ?

ಗೋಣಿಕೊಪ್ಪ

ನಿಮ್ಮ ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಆಮದಿನ ಪರ ಇದ್ದದ್ದು ನನ್ನ ಸಂಬಳ, ನಾನಲ್ಲ.

ನಿರ್ಣಯ ಚಿಕ್ಕದಾಗಿರಲಿ. ಶ್ರೀಲಂಕಾದಿಂದ ಯಾವ ಬಂದರಿಗೆ, ಯಾವ ತಿಂಗಳು, ಎಷ್ಟು ಮೆಣಸು ಬಂತು ಎಂಬುದನ್ನು ವಾಣಿಜ್ಯ ಸಚಿವಾಲಯ ಪ್ರಕಟಿಸಲಿ. ಅದರ ಪಕ್ಕದಲ್ಲಿ ಅದೇ ವರ್ಷ ವಿಯೆಟ್ನಾಂನಿಂದ ಶ್ರೀಲಂಕಾಕ್ಕೆ ಹೋದ ಮೆಣಸಿನ ಲೆಕ್ಕವನ್ನೂ ಇಡಲಿ. ಅನುಮಾನ ಬಂದ ಕಂಟೇನರಿನ ಮಾದರಿಯನ್ನು ಸಾಂಬಾರ ಮಂಡಳಿಯ ಪ್ರಯೋಗಾಲಯಕ್ಕೆ ಕಳುಹಿಸುವುದು ಕಡ್ಡಾಯವಾಗಲಿ. ಕಾರ್ಖಾನೆಗಳು ಸುಂಕವಿಲ್ಲದೆ ತರಿಸಿದ ಮೆಣಸು ಓಲಿಯೋರೆಸಿನ್ ಆಗಿ ಹೊರಗೆ ಹೋಯಿತೇ, ಒಳಪೇಟೆಗೆ ಸೋರಿತೇ ಎಂದು ಲೆಕ್ಕ ಕೇಳಿ. ಆಸಿಯಾನ್ ಒಪ್ಪಂದದ ಮರುಪರಿಶೀಲನೆಯ ಮಾತುಕತೆಯಲ್ಲಿ ಮೆಣಸಿನ ಸುಂಕ ಇನ್ನು ಒಂದು ಶೇಕಡವೂ ಇಳಿಯಬಾರದು ಎಂಬ ಸಾಲನ್ನು ಕೊನೆಯಲ್ಲಿ ಸೇರಿಸಿ. ಸೋಮವಾರಪೇಟೆಯ ಅಣ್ಣನಿಗೂ ಸಹಿ ಹಾಕಲು ಒಂದು ಸಾಲು ಬೇಕಲ್ಲ. ಮನವಿಯನ್ನು ಸಂಸದರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬರಬೇಡಿ. ಒಂದು ಪ್ರತಿಯನ್ನು ಕೊಚ್ಚಿಯ ಸಾಂಬಾರ ಮಂಡಳಿಗೆ, ಇನ್ನೊಂದನ್ನು ದೆಹಲಿಯ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಕರಡು ಬೇಕಾದರೆ ಹೇಳಿ, ಬರೆದು ಕಳುಹಿಸುತ್ತೇನೆ.