ಕೆಟಲ್ 85 ಅಂತ ಬೀಪ್ ಹೊಡೆಯುತ್ತೆ, ನೀರು ಮಾತ್ರ ಕಾದಿರಲ್ಲ – ದಯವಿಟ್ಟು ಸಹಾಯ ಮಾಡಿ

ಕೆಟಲ್‌ಕೈ
ನಾಲ್ಕು ದಿನದಿಂದ ಇದೇ ಗೋಳು. ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಹಾಕಿ, ಹೇಳಿದ ತಾಪಮಾನಕ್ಕೆ ನಿಲ್ಲುವ ಕೆಟಲ್ ಮಾಡಿದ್ದೀನಿ. 85 ಡಿಗ್ರಿಗೆ ನಿಲ್ಲಬೇಕು. ಕೆಲವು ಸಲ ಸರಿಯಾಗಿ ನಿಲ್ಲುತ್ತೆ. ಕೆಲವು ಸಲ ಅರ್ಧದಲ್ಲೇ ಬೀಪ್ ಹೊಡೆದು ಆಫ್ ಆಗುತ್ತೆ. ಡಿಸ್‌ಪ್ಲೇ 85 ಅನ್ನುತ್ತೆ, ಆದರೆ ಚಹಾ ಎಲೆ ಹಾಕಿದರೆ ಬಣ್ಣವೇ ಬಿಡಲ್ಲ. ಸೆನ್ಸರ್ ಬದಲಾಯಿಸಿದೆ, ಹೊಸದೂ ಹಾಗೇ. ಕೋಡ್ ಸರಿ ಇದೆ, ವೈರಿಂಗ್ ಸರಿ ಇದೆ. ಇನ್ನೇನು ನೋಡಬೇಕು?

ಲೂಪ್‌ಮಾಸ್ಟರ್
ಇದು ಪಿಐಡಿ (ಗುರಿಗೂ ಈಗಿನ ತಾಪಮಾನಕ್ಕೂ ಇರುವ ಅಂತರ ನೋಡಿ ಹೀಟರ್ ಶಕ್ತಿ ಹೊಂದಿಸುವ ಲೆಕ್ಕ) ಟ್ಯೂನಿಂಗ್ ಸಮಸ್ಯೆ, ಅನುಮಾನವೇ ಬೇಡ. ಅದರ ಮೂರು ಗುಣಾಂಕಗಳಲ್ಲಿ ಮೊದಲು ಕೆಐ (ಕೂಡಿಬಂದ ಅಂತರಕ್ಕೆ), ಕೆಡಿ (ಬದಲಾವಣೆಯ ವೇಗಕ್ಕೆ) ಎರಡನ್ನೂ ಸೊನ್ನೆ ಮಾಡಿ. ಕೆಪಿ (ಈಗಿನ ಅಂತರಕ್ಕೆ) ಒಂದನ್ನೇ ಏರಿಸುತ್ತಾ ಹೋಗಿ, ತಾಪಮಾನ ಗುರಿಯ ಆಚೀಚೆ ಒಂದೇ ಸಮ ತೂಗಾಡಲು ಶುರುವಾದಾಗ ನಿಲ್ಲಿಸಿ, ಆ ಕೆಪಿಯ ಅರ್ಧದಷ್ಟು ಇಟ್ಟುಕೊಳ್ಳಿ. ಆಮೇಲೆ ಕೆಐ ಸ್ವಲ್ಪ ಸ್ವಲ್ಪ ಸೇರಿಸಿ. ಕೆಟಲ್‌ನಲ್ಲಿ ಬಿಸಿ ಮಾಡಲು ಆಗುತ್ತೆ, ತಣ್ಣಗೆ ಮಾಡಲು ಆಗಲ್ಲ. ಹಾಗಾಗಿ ಇಂಟಿಗ್ರಲ್ (ಕೆಐ ಕೂಡಿಸಿಟ್ಟ ಅಂತರ) ತುಂಬಿಕೊಂಡರೆ ಖಾಲಿಯಾಗುವುದು ಬಹಳ ನಿಧಾನ. ಗುರಿಗೆ 5 ಡಿಗ್ರಿ ಬಾಕಿ ಇರುವವರೆಗೂ ಕೆಐ ಕೆಲಸ ಮಾಡದಂತೆ ಕಟ್ಟಿಹಾಕಿ.

ಹಬೆಗಂಡಿ
ಪ್ರೋಬ್ (ಸೆನ್ಸರ್ ಇರುವ ಕಡ್ಡಿ) ಎಲ್ಲಿ ಇಟ್ಟಿದ್ದೀರಿ? ತಳದ ತಟ್ಟೆಗೆ ತಾಗಿದ್ದರೆ ಅದು ನೀರಿನ ತಾಪಮಾನ ಅಳೆಯಲ್ಲ, ತಟ್ಟೆಯದ್ದು ಅಳೆಯುತ್ತೆ. ತಟ್ಟೆ ನೀರಿಗಿಂತ ಎಷ್ಟೋ ಬಿಸಿ. ತಳದಿಂದ ಕನಿಷ್ಠ 2 ಸೆಂ.ಮೀ. ಮೇಲಿರಬೇಕು, ಗೋಡೆಗೂ ತಾಗಬಾರದು. ಬೀಪ್ ಆದ ಮೇಲೆ ಒಮ್ಮೆ ಕದಡಿ ಬೇರೆ ಥರ್ಮಾಮೀಟರ್‌ನಲ್ಲಿ ನೋಡಿ.

ಎಲೆರಸ
ಯಾವ ಚಹಾ ಅಂತ ಹೇಳಿಲ್ಲ. ಹಸಿರು ಚಹಾ ಆದರೆ 70ರಿಂದ 80 ಸಾಕು. 85ಕ್ಕೆ ಹೋದರೆ ಕ್ಯಾಟೆಚಿನ್ ಜಾಸ್ತಿ ಇಳಿದು ಒಗರಾಗುತ್ತೆ. ಕಪ್ಪು ಚಹಾ ಆದರೆ 85 ಸಾಲದು, ಕುದಿಯುವ ನೀರೇ ಬೇಕು. ಬಣ್ಣ ಬಿಡಲ್ಲ ಅಂದರೆ ಕೆಟಲ್ ಕೆಟ್ಟಿದೆ ಅಂತಲೇ ಅಲ್ಲ.

ಡ್ರಿಪ್ಪರ್
ಚಹಾಗೆ 85, ಕಾಫಿಗೆ 92ರಿಂದ 96. ಎಲ್ಲದಕ್ಕೂ ಒಂದೇ ಗುರಿ ಇಡೋದೇ ತಪ್ಪು. ಗುರಿ ಬದಲಿಸಲು ರೋಟರಿ ಎನ್‌ಕೋಡರ್ (ತಿರುಗಿಸುವ ಗುಂಡಿ) ಹಾಕಿ.

ಎಲೆರಸ
ಊಲಾಂಗ್‌ಗೆ 85 ಸರಿ. ಹಸಿರು ಚಹಾದ ಸಿಹಿ ಥಿಯನೀನ್‌ನದ್ದು, ಅದು ಕಡಿಮೆ ಬಿಸಿಯಲ್ಲೂ ಇಳಿಯುತ್ತೆ. ಹಾಗಾಗಿ "ಚಹಾಗೆ 85" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ.

ಕೆಟಲ್‌ಕೈ
ಎಲೆ ಊಲಾಂಗೇ. ಚಹಾದ ವಿಷಯ ಬಿಡಿ ದಯವಿಟ್ಟು. ಬೇರೆ ಥರ್ಮಾಮೀಟರ್ ಇಟ್ಟು ನೋಡಿದೆ: ಡಿಸ್‌ಪ್ಲೇ 85, ನೀರು 62. ಪ್ರೋಬ್ ತಳದಿಂದ 3 ಸೆಂ.ಮೀ. ಮೇಲಿದೆ.

ಲೂಪ್‌ಮಾಸ್ಟರ್
62ಕ್ಕೆ ನಿಂತಿದೆ ಅಂದರೆ ಔಟ್‌ಪುಟ್ ಬೇಗ ಸೊನ್ನೆಗೆ ಬರುತ್ತಿದೆ. ಕೆಡಿ ಜಾಸ್ತಿ ಇದ್ದರೆ ಹೀಗೇ ಆಗುತ್ತೆ, ತಾಪಮಾನ ವೇಗವಾಗಿ ಏರಿದಾಗ ಅದು ಬ್ರೇಕ್ ಹಾಕುತ್ತೆ. ಸ್ಯಾಂಪಲ್ ಸಮಯ ಎಷ್ಟು? ಟೈಮ್ ವಿಂಡೋ ಎಷ್ಟು ಸೆಕೆಂಡ್? ಮೂರೂ ಗುಣಾಂಕಗಳನ್ನು ಹಾಕಿ, ಒಂದೇ ದಿನದಲ್ಲಿ ಸರಿ ಮಾಡೋಣ.

ತಾಮ್ರತಂತಿ
ಸ್ವಲ್ಪ ನಿಲ್ಲಿ. ಡಿಸ್‌ಪ್ಲೇಯೇ 85 ತೋರಿಸುತ್ತಿದೆ ಅಂದಮೇಲೆ ಕಂಟ್ರೋಲರ್‌ನ ತಪ್ಪಿಲ್ಲ, ಅದಕ್ಕೆ ಸಿಗುತ್ತಿರುವ ಅಂಕಿಯೇ ತಪ್ಪು. ಕೆಟಲ್‌ಕೈ ಅವರೇ, ನಾಲ್ಕು ಪ್ರಶ್ನೆ. ಸೆನ್ಸರ್ ಯಾವುದು? ಎಷ್ಟು ವೈರ್? ಪುಲ್‌ಅಪ್ (ಡೇಟಾ ವೈರನ್ನು ಪವರ್‌ಗೆ ಸೇರಿಸುವ ರೆಸಿಸ್ಟರ್) ಎಷ್ಟು ಓಮ್? ಬೀಪ್‌ಗೆ ಮುಂಚಿನ ಹತ್ತು ಸೆಕೆಂಡಿನ ಲಾಗ್, ಎರಡು ದಶಾಂಶದ ಜೊತೆ, ಹಾಗೇ ಹಾಕಿ. ಸರಾಸರಿ ಮಾಡಿದ್ದು ಬೇಡ.

ಕೆಟಲ್‌ಕೈ
ಸೆನ್ಸರ್ ಡಿಎಸ್18ಬಿ20, ಎಲ್ಲರೂ ಬಳಸುವುದು ಅದನ್ನೇ ಅಂತ ಬರೆದಿರಲಿಲ್ಲ. ಮೂರು ವೈರ್, 3.3 ವೋಲ್ಟ್, ಪುಲ್‌ಅಪ್ 4.7 ಕಿಲೋಓಮ್. ಹೀಟರ್ 1500 ವ್ಯಾಟ್, ನೀರು 1 ಲೀಟರ್. ಎರಡು ಸೆಕೆಂಡಿಗೊಮ್ಮೆ ಓದಿದ ಲಾಗ್:

58.31
59.06
59.75
60.44
61.19
85.00 – ಬೀಪ್

ಪಿಐಡಿ ಹಾಕೇ ಇಲ್ಲ. 85 ಮುಟ್ಟಿದರೆ ರಿಲೇ (ಹೀಟರ್‌ನ ಸ್ವಿಚ್) ಆಫ್, ಬೀಪ್, ಅಷ್ಟೇ ಕೋಡ್.

ತಾಮ್ರತಂತಿ
ಸಿಕ್ಕಿತು. ಕೊನೆಯ ಸಾಲಿನ 85.00 ಅಳತೆಯೇ ಅಲ್ಲ. ಡಿಎಸ್18ಬಿ20ಗೆ ಪವರ್ ಬಂದ ತಕ್ಷಣ ಅದರ ತಾಪಮಾನ ರಿಜಿಸ್ಟರ್‌ನಲ್ಲಿ (ಅಂಕಿ ಇಡುವ ಜಾಗ) ಕೂತಿರುವ ಮೊದಲ ಬೆಲೆ 85. ಹೊಸ ಕನ್ವರ್ಷನ್ (ಒಂದು ಅಳತೆ) ಪೂರ್ತಿ ಆಗುವವರೆಗೂ ಕೇಳಿದಷ್ಟು ಸಲ ಅದನ್ನೇ ಕೊಡುತ್ತೆ. ನಿಮ್ಮ ಗುರಿಯೂ 85 ಆಗಿದ್ದರಿಂದ ಇಷ್ಟು ದಿನ ಮುಚ್ಚಿಕೊಂಡಿತ್ತು. ಗುರಿ 90 ಇಟ್ಟಿದ್ದರೆ ಲಾಗ್‌ನಲ್ಲಿ ಒಂದು ಕ್ಷಣ 85 ಬಂದು ಹೋಗುತ್ತಿತ್ತು, ಕೆಟಲ್ ನಿಲ್ಲುತ್ತಿರಲಿಲ್ಲ.

ಅದಕ್ಕೆ ಮುಂಚಿನ ಸಾಲುಗಳು ಸರಿ ಇವೆ. 1 ಲೀಟರ್ ನೀರು 1 ಡಿಗ್ರಿ ಏರಲು ಸುಮಾರು 4190 ಜೂಲ್ ಬೇಕು. 1500 ವ್ಯಾಟ್‌ನಲ್ಲಿ ಸೆಕೆಂಡಿಗೆ 0.36 ಡಿಗ್ರಿ, ಎರಡು ಸೆಕೆಂಡಿಗೆ 0.72. ನಿಮ್ಮ ಲಾಗ್ 0.69, 0.75 ಅಂತ ಏರುತ್ತಿದೆ. ಎರಡು ಸೆಕೆಂಡಿನಲ್ಲಿ 24 ಡಿಗ್ರಿ ಏರಬೇಕಾದರೆ 50 ಕಿಲೋವ್ಯಾಟ್ ಹೀಟರ್ ಬೇಕು.

ಅಂದರೆ ಸೆನ್ಸರ್ ಮಧ್ಯದಲ್ಲಿ ರೀಸೆಟ್ ಆಗುತ್ತಿದೆ. ನನ್ನ ಊಹೆ: ಪವರ್ ವೈರ್ ಎಲ್ಲೋ ಸಡಿಲ. ಆ ವೈರ್ ಬಿಟ್ಟುಹೋದರೂ ಈ ಸೆನ್ಸರ್ ಸಾಯಲ್ಲ, ಡೇಟಾ ಲೈನ್‌ನಿಂದಲೇ ಪುಲ್‌ಅಪ್ ಮೂಲಕ ಕರೆಂಟ್ ಎಳೆದುಕೊಂಡು ಮಾತಾಡುತ್ತಲೇ ಇರುತ್ತೆ. ಆದರೆ ಕನ್ವರ್ಷನ್ ಮಾಡುವಾಗ ಅದಕ್ಕೆ 1.5 ಮಿಲಿಆಂಪ್‌ವರೆಗೆ ಬೇಕು. 4.7 ಕಿಲೋಓಮ್ ಮೂಲಕ ಅಷ್ಟು ಎಳೆಯಬೇಕಾದರೆ ರೆಸಿಸ್ಟರ್ ಮೇಲೆಯೇ 7 ವೋಲ್ಟ್ ಬೀಳಬೇಕು, ನಿಮ್ಮ ಹತ್ತಿರ ಇರುವುದೇ 3.3. ವೋಲ್ಟೇಜ್ ಕುಸಿಯುತ್ತೆ, ಚಿಪ್ ರೀಸೆಟ್ ಆಗುತ್ತೆ, 85 ಬರುತ್ತೆ. ಡೇಟಾ ವೈರ್ ಬಿಟ್ಟಿದ್ದರೆ ಸಾಮಾನ್ಯ ಲೈಬ್ರರಿಗಳು (ಸೆನ್ಸರ್ ಓದುವ ಸಿದ್ಧ ಕೋಡ್) -127 ಕೊಡುತ್ತವೆ. 85 ಬಂತು ಅಂದರೆ ಡೇಟಾ ಮತ್ತು ಗ್ರೌಂಡ್ ಗಟ್ಟಿ ಇವೆ, ಪವರ್ ಮೇಲೆ ಕಣ್ಣಿಡಿ. ಸಿಆರ್‌ಸಿ (ಡೇಟಾ ಕೆಡದೆ ಬಂತಾ ಅಂತ ತಿಳಿಸುವ ಅಂಕಿ) ನೋಡಿ ಹಿಡಿಯೋಣ ಅಂದರೆ ಆಗಲ್ಲ, ಈ ಸುಳ್ಳು 85ರ ಸಿಆರ್‌ಸಿ ಕೂಡ ಸರಿಯಾಗಿಯೇ ಇರುತ್ತೆ.

ಪರೀಕ್ಷೆ: ಹೀಟರ್ ಪ್ಲಗ್ ಕಿತ್ತು, ಬೋರ್ಡನ್ನು ಯುಎಸ್‌ಬಿಯಲ್ಲಿ ಮಾತ್ರ ನಡೆಸಿ. ಹೆಕ್ಸ್ ಬಿ4 ಕಮಾಂಡ್ ಪದೇ ಪದೇ ಕಳಿಸಿ. ಇದು ಪವರ್ ಎಲ್ಲಿಂದ ಬರುತ್ತಿದೆ ಅಂತ ಸೆನ್ಸರನ್ನೇ ಕೇಳುವ ಕಮಾಂಡ್. ಉತ್ತರ 1 ಅಂದರೆ ಪವರ್ ಪಿನ್‌ನಿಂದ, 0 ಅಂದರೆ ಡೇಟಾ ಲೈನ್‌ನಿಂದ. ಈಗ ಕೇಬಲನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬೆರಳಲ್ಲಿ ಅಲ್ಲಾಡಿಸುತ್ತಾ ಬನ್ನಿ. ಎಲ್ಲಿ 0 ಬರುತ್ತೋ ಅಲ್ಲೇ ರೋಗ.

ಲೂಪ್‌ಮಾಸ್ಟರ್
ಒಪ್ಪಿದೆ, ಆದರೆ ಕನ್ವರ್ಷನ್ ಮುಗಿಯುವ ಮುಂಚೆ ಓದಿದರೂ ಹಳೇ ಬೆಲೆಯೇ ಬರುತ್ತೆ. 12 ಬಿಟ್ (ಅತಿ ಸೂಕ್ಷ್ಮ) ಅಳತೆಗೆ 750 ಮಿಲಿಸೆಕೆಂಡ್ ಬೇಕು, ಅದನ್ನೂ ನೋಡಿ.

ತಾಮ್ರತಂತಿ
ಬೇಗ ಓದಿದರೆ ಬರುವುದು ಹಿಂದಿನ ಅಳತೆ, ಇಲ್ಲಿ 61.19. ಪವರ್ ಕೊಟ್ಟ ಮೇಲೆ ಮೊದಲ ಕನ್ವರ್ಷನ್ ಮುಗಿಯುವವರೆಗೆ ಮಾತ್ರ 85 ಬರುತ್ತೆ. ನಡುವೆ ಬರಬೇಕಾದರೆ ರೀಸೆಟ್ ಆಗಲೇಬೇಕು.

ಆರ್‌ಟಿಡಿರಾಯ
ಇದಕ್ಕೇ ನಾನು ಆ ಸೆನ್ಸರ್ ಮುಟ್ಟಲ್ಲ. ನನ್ನ ಸೆಟಪ್: ಪಿಟಿ100 (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರ್), ಅದನ್ನು ಓದುವ ಮ್ಯಾಕ್ಸ್31865 ಬೋರ್ಡ್, 430 ಓಮ್ ರೆಫರೆನ್ಸ್, ಸ್ಟೀಲ್ ಥರ್ಮೋವೆಲ್ (ಸೆನ್ಸರ್ ಕೂರಿಸುವ ಮುಚ್ಚಿದ ಕೊಳವೆ), ಎಸ್‌ಎಸ್‌ಆರ್‌ಗೆ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇ) ದೊಡ್ಡ ಹೀಟ್‌ಸಿಂಕ್. ವೈರ್ ತುಂಡಾದರೆ ಚಿಪ್ ತಾನೇ ಫಾಲ್ಟ್ ಬಿಟ್ (ದೋಷದ ಸಂಕೇತ) ಎತ್ತುತ್ತೆ.

ಹಬೆಗಂಡಿ
ಎರಡು ವೈರ್‌ನ ಪಿಟಿ100 ಹಾಕಿದರೆ ಅದೂ ಸುಳ್ಳು ಹೇಳುತ್ತೆ. ಡಿಗ್ರಿಗೆ 0.385 ಓಮ್ ಮಾತ್ರ ಬದಲಾವಣೆ. ಕೇಬಲ್‌ನಲ್ಲೇ 0.4 ಓಮ್ ಇದ್ದರೆ ಒಂದು ಡಿಗ್ರಿ ಹೆಚ್ಚು ತೋರಿಸುತ್ತೆ.

ಆರ್‌ಟಿಡಿರಾಯ
ಅದಕ್ಕೇ ಮೂರು ವೈರ್‌ನದ್ದು ತೆಗೆದುಕೊಳ್ಳಬೇಕು, ಬೋರ್ಡ್‌ನ ಜಂಪರ್ ಕೂಡ ಮೂರು ವೈರ್‌ಗೆ ಬದಲಾಯಿಸಬೇಕು. ಕೆಟಲ್‌ಕೈ ಅವರೇ, ನೀವು ಮೆಕ್ಯಾನಿಕಲ್ ರಿಲೇ ಬಿಟ್ಟು ಎಸ್‌ಎಸ್‌ಆರ್‌ಗೆ ಬನ್ನಿ.

ಹಬೆಗಂಡಿ
ಒಂದು ಸಲ ಆನ್, ಒಂದು ಸಲ ಆಫ್ ಮಾಡುವ ಕೆಟಲ್‌ಗೆ ಎಸ್‌ಎಸ್‌ಆರ್ ಯಾಕೆ? 6.5 ಆಂಪ್‌ಗೆ ಅದರಲ್ಲೇ ಎಂಟೊಂಬತ್ತು ವ್ಯಾಟ್ ಬಿಸಿ ಹುಟ್ಟುತ್ತೆ. ಕೆಟ್ಟರೆ ಬಹಳ ಸಲ ಶಾರ್ಟ್ ಆಗಿ ಕೆಡುತ್ತೆ, ಅಂದರೆ ಹೀಟರ್ ಆಫ್ ಆಗಲ್ಲ. ಕೆಟಲ್‌ನ ಮೂಲ ಬೈಮೆಟಲ್ ಕಟ್‌ಆಫ್ (ಬಿಸಿಗೆ ತಾನೇ ಆಫ್ ಆಗುವ ಸ್ವಿಚ್) ಇದೆ ತಾನೇ?

ಕೆಟಲ್‌ಕೈ
ಅದನ್ನು ಶಾರ್ಟ್ ಮಾಡಿದ್ದೀನಿ. ನಡುನಡುವೆ ಆಫ್ ಮಾಡುತ್ತಿದೆ ಅಂತ ಮೊದಲು ಅನುಮಾನ ಬಂದಿತ್ತು.

ಹಬೆಗಂಡಿ
ಬೇರೆಲ್ಲ ಬಿಡಿ, ಮೊದಲು ಅದನ್ನು ವಾಪಸ್ ಹಾಕಿ. ಅಲ್ಲಿವರೆಗೆ ಪ್ಲಗ್ ಹಾಕಬೇಡಿ. ಕೆಟಲ್‌ನಲ್ಲಿ ಸಾಮಾನ್ಯವಾಗಿ ಎರಡು ಸ್ವಿಚ್ ಇರುತ್ತವೆ. ಹಿಡಿಕೆಯ ಕಡೆ ಇರುವುದು ಹಬೆ ತಾಗಿದಾಗ ಆಫ್ ಮಾಡುತ್ತೆ, 85ಕ್ಕೆ ಅದು ಎಗರುವಷ್ಟು ಹಬೆ ಬರಲ್ಲ. ತಳದಲ್ಲಿರುವುದು ನೀರಿಲ್ಲದೆ ಕಾದಾಗ ಆಫ್ ಮಾಡುತ್ತೆ. ಎರಡೂ ನಿಮ್ಮ ರಿಲೇ ಜೊತೆ ಸೀರೀಸ್‌ನಲ್ಲಿ ಇರಲೇಬೇಕು. ಕೋಡ್ ಹ್ಯಾಂಗ್ ಆದರೂ, ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡರೂ ಬೆಂಕಿ ತಪ್ಪಿಸುವುದು ಅವೇ. ಲೋಹದ ಮೈಯಾದರೆ ಅರ್ತ್ ವೈರ್ ಮೈಗೆ ಸೇರಿದೆಯಾ ಅಂತ ಮೀಟರ್ ಇಟ್ಟು ನೋಡಿ.

ಕೆಟಲ್‌ಕೈ
ಎರಡೂ ಸ್ವಿಚ್ ವಾಪಸ್ ಹಾಕಿದೆ, ಅರ್ತ್ ಇದೆ.

ಬಿ4 ಪರೀಕ್ಷೆ ಮಾಡಿದೆ. ಕನೆಕ್ಟರ್‌ನ ಕೆಂಪು ವೈರ್ ಮುಟ್ಟಿದರೆ ಸಾಕು, 0 ಬರುತ್ತೆ. ಕ್ರಿಂಪ್ (ವೈರ್ ಕಚ್ಚಿ ಹಿಡಿಯುವ ಲೋಹದ ತುದಿ) ತಾಮ್ರದ ಎಳೆಗಳ ಮೇಲೆ ಕೂತಿರಲೇ ಇಲ್ಲ, ಪ್ಲಾಸ್ಟಿಕ್ ಹೊದಿಕೆ ಮೇಲೆ ಕಚ್ಚಿಕೊಂಡಿತ್ತು. ಸೆನ್ಸರ್ ಬದಲಾಯಿಸಿದಾಗ ಅದೇ ಕನೆಕ್ಟರ್ ಹಾಕಿದ್ದೆ. ನೀರು 60 ದಾಟಿದ ಮೇಲೆ ಕೆಟಲ್ ಗುಂಯ್‌ಗುಡುತ್ತಾ ನಡುಗಲು ಶುರುವಾಗುತ್ತೆ, ಆಗ ಬಿಡುತ್ತಿತ್ತು ಅನ್ನಿಸುತ್ತೆ.

ತಾಮ್ರತಂತಿ
ಕ್ರಿಂಪ್ ಕತ್ತರಿಸಿ ಬೆಸುಗೆ ಹಾಕಿ, ಮೇಲೆ ಹೀಟ್‌ಶ್ರಿಂಕ್ ಎಳೆಯಿರಿ. ಕೇಬಲನ್ನು ಹಿಡಿಕೆಗೆ ಒಂದು ಕಡೆ ಕಟ್ಟಿ, ನಡುಕ ಬೆಸುಗೆವರೆಗೆ ಬರಬಾರದು. ಸೆನ್ಸರ್ ಬಳಿ ಪವರ್ ಮತ್ತು ಗ್ರೌಂಡ್ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ.

ಕೋಡ್‌ನಲ್ಲೂ ಕಾವಲು ಇರಲಿ. 85.00 ಬಂದರೆ ಕಡೆಗಣಿಸು ಅಂತ ಮಾತ್ರ ಬರೆಯಬೇಡಿ, ನೀರು ನಿಜವಾಗಿಯೂ 85.00 ಇರಬಹುದು. ಸೆನ್ಸರ್‌ನಲ್ಲಿ ಅಲಾರಂಗೆ ಮೀಸಲಾದ ಎರಡು ಬೈಟ್ ಇವೆ, ನೀವು ಅಲಾರಂ ಬಳಸುತ್ತಿಲ್ಲ. ಶುರುವಿನಲ್ಲಿ ಹೆಕ್ಸ್ 4ಇ ಕಮಾಂಡ್‌ನಿಂದ ಮೊದಲ ಬೈಟ್‌ಗೆ ಒಂದು ಗುರುತು, ಉದಾಹರಣೆಗೆ 42, ಬರೆಯಿರಿ. ಆದರೆ ಹೆಕ್ಸ್ 48 ಕಳಿಸಿ ಅದನ್ನು ಇಇಪ್ರಾಮ್‌ಗೆ (ಪವರ್ ಹೋದರೂ ಅಳಿಯದ ಮೆಮೊರಿ) ಉಳಿಸಬೇಡಿ. ಲೈಬ್ರರಿ ತಾನಾಗಿ ಉಳಿಸುತ್ತಿದ್ದರೆ ಆ ಆಯ್ಕೆ ಆಫ್ ಮಾಡಿ. ಇಇಪ್ರಾಮ್‌ನಲ್ಲಿ ಮೊದಲೇ 42 ಇಲ್ಲ ಅಂತಲೂ ಖಚಿತ ಮಾಡಿಕೊಳ್ಳಿ. ರೀಸೆಟ್ ಆದರೆ ಆ ಬೈಟ್‌ಗೆ ಇಇಪ್ರಾಮ್‌ನ ಹಳೇ ಬೆಲೆ ಬರುತ್ತೆ. ಪ್ರತಿ ಓದಿನಲ್ಲೂ 42 ಇದೆಯಾ ನೋಡಿ, ಇಲ್ಲದಿದ್ದರೆ ಆ ಓದು ಎಸೆದು, ಗುರುತು ಮತ್ತೆ ಬರೆದು, ಹೊಸ ಕನ್ವರ್ಷನ್ ಕೇಳಿ. ಸತತ ಐದು ಓದು ಕೆಟ್ಟರೆ ಹೀಟರ್ ಆಫ್.

ಕೆಟಲ್‌ಕೈ
ಬೆಸುಗೆ ಹಾಕಿ, ಗುರುತಿನ ಬೈಟ್ ಸೇರಿಸಿ, ಇಪ್ಪತ್ತು ಸಲ ಕಾಯಿಸಿದೆ. ಒಂದು ಸಲವೂ ಅರ್ಧಕ್ಕೆ ನಿಂತಿಲ್ಲ. ತುಂಬಾ ಥ್ಯಾಂಕ್ಸ್. ಆದರೆ ಈಗ ಪ್ರತಿ ಸಲ 88ಕ್ಕೆ ಹೋಗಿ ನಿಲ್ಲುತ್ತಿದೆ.

ಲೂಪ್‌ಮಾಸ್ಟರ್
ಇದು ಲ್ಯಾಗ್. ಸ್ಟೀಲ್ ಕೊಳವೆಯೊಳಗಿನ ಸೆನ್ಸರ್ ನೀರಿಗಿಂತ ಕೆಲವು ಸೆಕೆಂಡ್ ಹಿಂದೆ ಇರುತ್ತೆ, ತಳದ ತಟ್ಟೆಯಲ್ಲೂ ಬಿಸಿ ಉಳಿದಿರುತ್ತೆ. ಎರಡೂ ಸೇರಿ 8 ಸೆಕೆಂಡ್ ಅಂದುಕೊಂಡರೆ, 0.36ರಿಂದ ಗುಣಿಸಿ, 2.9 ಡಿಗ್ರಿ. ನಿಮಗೆ ಬಂದಿರುವುದೂ ಅಷ್ಟೇ. ಒಂದೇ ಸಲ ಕಾಯಿಸುವ ಕೆಟಲ್‌ಗೆ ಪಿಐಡಿ ಬೇಡ ಅಂತ ಈಗ ನಾನೂ ಹೇಳುತ್ತೇನೆ. ಕೊನೆಯ ಐದು ಓದಿನಿಂದ ಏರಿಕೆಯ ವೇಗ ತೆಗೆದು, ಅದನ್ನು 8ರಿಂದ ಗುಣಿಸಿ, ಗುರಿಯಿಂದ ಅಷ್ಟು ಕಳೆದ ಜಾಗದಲ್ಲಿ ರಿಲೇ ಆಫ್ ಮಾಡಿ. ಅರ್ಧ ಲೀಟರ್ ಹಾಕಿದರೆ ವೇಗ ದುಪ್ಪಟ್ಟಾಗುತ್ತೆ, ಸುಮಾರು 79ಕ್ಕೆ ಆಫ್ ಆಗುತ್ತೆ. 82 ಅಂತ ಒಂದೇ ಅಂಕಿ ಇಟ್ಟರೆ ನೀರಿನ ಪ್ರಮಾಣ ಬದಲಾದಾಗ ತಪ್ಪುತ್ತೆ.

ಕೆಟಲ್‌ಕೈ
ಮಾಡಿದೆ. ಒಂದು ಲೀಟರ್‌ಗೆ 85.2, ಅರ್ಧ ಲೀಟರ್‌ಗೆ 85.6. ಇದೇ ಸೆನ್ಸರ್‌ನಲ್ಲಿ ಕಾಫಿಗೆ 93 ಇಡಬಹುದಾ?

ಆರ್‌ಟಿಡಿರಾಯ
ಇಡಬಹುದು. ಆದರೆ ಡಿಎಸ್18ಬಿ20ಯ ಅರ್ಧ ಡಿಗ್ರಿ ನಿಖರತೆಯ ಖಾತರಿ -10ರಿಂದ 85ರವರೆಗೆ ಮಾತ್ರ, ಅದರ ಮೇಲೆ ಸಡಿಲ. ಕುದಿಯುವ ನೀರಿನಲ್ಲಿಟ್ಟು ತಿದ್ದುಪಡಿ ಅಂಕಿ ತೆಗೆಯಿರಿ. ಅಲ್ಲಿ 100 ಅಂತ ಕಣ್ಣುಮುಚ್ಚಿ ಹಾಕಬೇಡಿ, ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತೆ. ಕೇಬಲ್ ಪಿವಿಸಿಯದ್ದಾದರೆ 93ಕ್ಕೆ ಮೆತ್ತಗಾಗುತ್ತೆ, ಸಿಲಿಕೋನ್ ಕೇಬಲ್ ಹಾಕಿ. ಪ್ರೋಬ್‌ನ ಬಾಯಿ ಮುಚ್ಚಿರುವ ಅಂಟು ಕುಡಿಯುವ ನೀರಿಗೆ ತಾಗದಂತೆ ಥರ್ಮೋವೆಲ್ ಒಳಗೆ ಥರ್ಮಲ್ ಪೇಸ್ಟ್ ಜೊತೆ ಕೂರಿಸಿ.

ಲೂಪ್‌ಮಾಸ್ಟರ್
ಥರ್ಮೋವೆಲ್ ಹಾಕಿದ ಮೇಲೆ ಆ 8 ಸೆಕೆಂಡ್ ಮತ್ತೆ ಅಳೆಯಿರಿ, ಜಾಸ್ತಿಯಾಗಿರುತ್ತೆ.